ಗೊತ್ತಿದ್ದವರಿಗೆ 6, ಗೊತ್ತಿಲ್ಲದವರಿಗೆ 18

ಯುಪಿಐ ನೋಟಿಸಿನ ಗದ್ದಲ ಮುಗಿಯಿತೆಂದು ಬೆಂಗಳೂರಿನವರು ಅಂದುಕೊಂಡಿರಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಟ್ಯೂಷನ್ ಮಾಸ್ತರರ ಪಾಲಿಗೆ ಅದು ಇನ್ನೂ ಶುರುವಾಗಬೇಕಿದೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚಿನ ನಾಲ್ಕು ವರ್ಷಗಳ ಯುಪಿಐ ಜಮೆ ತೆಗೆದು ಸಣ್ಣ ವ್ಯಾಪಾರಿಗಳಿಗೆ ಸಾವಿರಗಟ್ಟಲೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟಿ ಎಂದು ಬಂತು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಿದ್ದವು. ಜುಲೈ 25ಕ್ಕೆ ಬಂದ್ ಎಂದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕೂರಿಸಿಕೊಂಡು ಮಾತಾಡಿ, ಹಾಲು, ಹಣ್ಣು, ತರಕಾರಿಯಂಥ ವಿನಾಯಿತಿ ಸರಕು ಮಾರುವವರಿಂದ ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ಕರೆ ವಾಪಸಾಯಿತು.

ಮಾತೆಲ್ಲ ನಡೆದದ್ದು ಸರಕಿನ ಸುತ್ತ. ಸರಕಿಗೆ ವರ್ಷಕ್ಕೆ 40 ಲಕ್ಷದ ಮಿತಿ, ಸೇವೆಗೆ 20 ಲಕ್ಷ. ಟ್ಯೂಷನ್ ಕ್ಲಾಸು, ಟ್ಯಾಲಿ ಕ್ಲಾಸು, ಡ್ರೈವಿಂಗ್ ಸ್ಕೂಲು, ನವೋದಯ ಪ್ರವೇಶ ಪರೀಕ್ಷೆಯ ತರಬೇತಿ, ಪೊಲೀಸ್ ಭರ್ತಿಯ ಅಕಾಡೆಮಿ ಇವೆಲ್ಲ ಸೇವೆಯ ಲೆಕ್ಕ. ತರಕಾರಿ ವ್ಯಾಪಾರಿಗೆ ಕೊನೆಗೂ ‘ನನ್ನ ಮಾಲಿಗೆ ತೆರಿಗೆಯೇ ಇಲ್ಲ’ ಎನ್ನುವ ದಾರಿ ಇತ್ತು. ಪಾಠ ಹೇಳುವವರಿಗೆ ಆ ದಾರಿ ಇಲ್ಲ. ಶಾಲೆ ಕಲಿಸಿದರೆ ಜಿಎಸ್‌ಟಿ ಇಲ್ಲ. ಅದೇ ಎಂಟನೇ ತರಗತಿಯ ಅದೇ ಬೀಜಗಣಿತವನ್ನು ಸಂಜೆ ಆರಕ್ಕೆ ಬಾಡಿಗೆ ಕೋಣೆಯಲ್ಲಿ ಕಲಿಸಿದರೆ 18 ಶೇಕಡಾ.

ಈ 18ರ ಪಕ್ಕದಲ್ಲಿ ಏನೇನು ಇಟ್ಟಿದ್ದಾರೆ, ನೋಡಿ. 2025ರ ಸೆಪ್ಟೆಂಬರ್ ಸಭೆಯಲ್ಲಿ ಜಿಎಸ್‌ಟಿ ಮಂಡಳಿ ಜಿಮ್, ಸಲೂನ್, ಯೋಗ ಕೇಂದ್ರಗಳ ಮೇಲಿನ ತೆರಿಗೆಯನ್ನು 18ರಿಂದ 5ಕ್ಕೆ ಇಳಿಸಿತು. ಪೆನ್ಸಿಲ್, ರಬ್ಬರ್, ನೋಟ್‌ಬುಕ್ ಶೂನ್ಯಕ್ಕೆ ಬಂದವು, ಸಂತೋಷ. ಅದೇ ಸಭೆಯಲ್ಲಿ ಬೀಡಿಯನ್ನೂ 28ರಿಂದ 18ಕ್ಕೆ ತರಲು ಒಪ್ಪಿದರು. ಕೋಚಿಂಗ್ ಮಾತ್ರ ಇದ್ದಲ್ಲೇ ಉಳಿಯಿತು. ನಿಪ್ಪಾಣಿಯ ಹೆಂಗಸು ಕಟ್ಟುವ ಬೀಡಿಗೂ 18, ಆ ದುಡ್ಡಿನಲ್ಲಿ ಅವಳು ಮಗಳನ್ನು ಕಳಿಸುವ ಕ್ಲಾಸಿಗೂ 18. ಮೈ ಬೆಳೆಸಲು ಹೋದರೆ 5, ಬುದ್ಧಿ ಬೆಳೆಸಲು ಹೋದರೆ 18. ಇದನ್ನು ತೆರಿಗೆ ಸುಧಾರಣೆ ಎಂದು ಕರೆದು ಹಬ್ಬ ಮಾಡಿದರು.

ಆದರೆ ನನ್ನ ಸಿಟ್ಟು ದರದ ಮೇಲಷ್ಟೇ ಅಲ್ಲ. ದರಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ, ಅದಕ್ಕೆ ಲೆಕ್ಕ ಹಾಕಿಯೇ ತೋರಿಸಬೇಕು.

120 ಮಕ್ಕಳ ಒಂದು ಕ್ಲಾಸು ತೆಗೆದುಕೊಳ್ಳಿ. ಗಂಡ ಗಣಿತ, ಹೆಂಡತಿ ಇಂಗ್ಲಿಷ್, ಜೊತೆಗೆ ಸಂಬಳದ ನಾಲ್ವರು. ತಿಂಗಳಿಗೆ ಮಗುವಿಗೆ 1,500 ರೂಪಾಯಿ ಫೀ. ವರ್ಷಕ್ಕೆ 21 ಲಕ್ಷ 60 ಸಾವಿರ. ಮಿತಿ ದಾಟಿತು. ನಾಲ್ವರಿಗೆ 18 ಸಾವಿರದಂತೆ ಸಂಬಳ, 20 ಸಾವಿರ ಬಾಡಿಗೆ, ಕರೆಂಟು, ಝೆರಾಕ್ಸು, ಬ್ಯಾನರು ಕಳೆದರೆ ಇಬ್ಬರಿಗೂ ಸೇರಿ ಉಳಿಯುವುದು ಒಂಬತ್ತು ಲಕ್ಷದಷ್ಟು. ಫೀ ತೆಗೆದುಕೊಳ್ಳುವಾಗ ‘ತೆರಿಗೆ ಬೇರೆ’ ಎಂದು ಯಾರೂ ಹೇಳಿಲ್ಲವಾದ್ದರಿಂದ ಆ 21.60 ಲಕ್ಷದೊಳಗೇ ತೆರಿಗೆ ಇದೆ ಎಂದು ಹಿಡಿದರೂ 18ರ ಲೆಕ್ಕದಲ್ಲಿ ಕಟ್ಟಬೇಕಾದದ್ದು ಸುಮಾರು 3 ಲಕ್ಷ 29 ಸಾವಿರ. ಸಂಬಳದ ಖರ್ಚಿಗೆ ಇನ್‌ಪುಟ್ ಕ್ರೆಡಿಟ್ ಸಿಗದು. ಉಳಿಕೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು.

ಇದೇ ದಂಪತಿ ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಯೋಜನೆ ಆರಿಸಿಕೊಂಡಿದ್ದರೆ? 50 ಲಕ್ಷದೊಳಗಿನ ಸೇವೆಯವರಿಗೆ 2019ರಿಂದ ಅದು ಇದೆ. ದರ 6. ಕಟ್ಟಬೇಕಾದದ್ದು 1 ಲಕ್ಷ 29 ಸಾವಿರದ 600. ನಡುವಿನ ಎರಡು ಲಕ್ಷ ಯಾವುದರ ಬೆಲೆ? ಗೊತ್ತಿಲ್ಲದ್ದರ ಬೆಲೆ. ಈ ಯೋಜನೆಯನ್ನು ಹಿಂದಿನ ವರ್ಷಗಳಿಗೆ ಹಾಕಿಕೊಳ್ಳಲು ಬರುವುದಿಲ್ಲ. ನೋಟಿಸು ಬರುವುದು ಮಾತ್ರ ಹಿಂದಿನ ವರ್ಷಗಳಿಗೇ. ಮೇಲೆ ವರ್ಷಕ್ಕೆ 18ರಂತೆ ಬಡ್ಡಿ, ನೋಂದಣಿ ಮಾಡಿಸದ್ದಕ್ಕೆ 10 ಸಾವಿರ ಅಥವಾ ತೆರಿಗೆಯಷ್ಟೇ ದಂಡ, ಯಾವುದು ಹೆಚ್ಚೋ ಅದು. ಒಂದೇ ಊರು, ಒಂದೇ ಫೀ, ಒಂದೇ ಪಠ್ಯ. ಒಳ್ಳೆಯ ಆಡಿಟರ್ ಸಿಕ್ಕವನಿಗೆ 6, ಸಿಗದವನಿಗೆ 18. ನಾನು ಇದನ್ನು ತೆರಿಗೆ ಎನ್ನಲಾರೆ.

‘ಆಡಿಟರ ಕಡೆ ಹೋಗಬೇಕಿತ್ತಲ್ಲ?’ ಎನ್ನುತ್ತಾರೆ. ಹೋಗಲಿ, ಎಲ್ಲಿಗೆ? ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಕಾಗವಾಡದವರಿಗೆ ಮಿರಜ ಕೈಗೆಟಕುತ್ತದೆ, ಬೆಳಗಾವಿ ಎಟಕುವುದಿಲ್ಲ. ಹೀಗಾಗಿ ಸಾಂಗ್ಲಿ, ಇಚಲಕರಂಜಿ, ಕೊಲ್ಲಾಪುರದ ಲೆಕ್ಕಿಗರ ಕಟ್ಟೆ ಹತ್ತುವುದು ಈ ಭಾಗದ ರೂಢಿ. ತಪ್ಪಲ್ಲ. ಆದರೆ ಗಡಿಯಲ್ಲಿ ಕ್ಲಾಸು ನಡೆಸುವವರ ತೊಡಕು ಎರಡೂ ಕಡೆ ಬಲ್ಲವರಿಗಷ್ಟೇ ಬಿಡಿಸಲು ಬರುತ್ತದೆ. ನಿಪ್ಪಾಣಿಯಲ್ಲಿ ವರ್ಷಕ್ಕೆ 14 ಲಕ್ಷದ ಕ್ಲಾಸು, ಹೆದ್ದಾರಿಯಲ್ಲಿ ಕೊಗನೊಳ್ಳಿ ದಾಟಿದರೆ ಸಿಗುವ ಮಹಾರಾಷ್ಟ್ರದ ಕಾಗಲದಲ್ಲಿ 8 ಲಕ್ಷದ ಒಂದು ಶಾಖೆ. ಎರಡೂ 20ರೊಳಗೇ ಇವೆ, ಚಿಂತೆಯಿಲ್ಲ ಎಂದು ಮಾಸ್ತರರು ಮಲಗಿದ್ದಾರೆ. ಪ್ಯಾನ್ ಒಂದೇ ಆದ್ದರಿಂದ ಇಲಾಖೆ ಎರಡನ್ನೂ ಕೂಡಿಸುತ್ತದೆ: 22 ಲಕ್ಷ. ಈಗ ಕರ್ನಾಟಕದಲ್ಲೊಂದು, ಮಹಾರಾಷ್ಟ್ರದಲ್ಲೊಂದು ನೋಂದಣಿ ಬೇಕು. ಕಾಗಲದ ಹುಡುಗ ತಾನೇ ಬಸ್ಸು ಹತ್ತಿ ನಿಪ್ಪಾಣಿಗೆ ಬಂದು ಕೂತು ಕಲಿತರೆ ಅದು ಕರ್ನಾಟಕದೊಳಗಿನ ಸೇವೆ. ಅವನೇ ಮನೆಯಲ್ಲಿ ಮೊಬೈಲು ಹಿಡಿದು ಆನ್‌ಲೈನ್ ಕಲಿತರೆ ಅಂತರರಾಜ್ಯ ಸೇವೆಯ ಪ್ರಶ್ನೆ ಏಳುತ್ತದೆ, ಮತ್ತು ಅಂತರರಾಜ್ಯ ಸೇವೆ ಕೊಟ್ಟವರಿಗೆ ಆ 6ರ ಯೋಜನೆ ಇಲ್ಲ. ಇದನ್ನೆಲ್ಲ ಮಾಸ್ತರರು ಕನಸಿನಲ್ಲಿ ಕಂಡುಕೊಳ್ಳಬೇಕೆ?

ಇನ್ನು ಅವರ ಫೀ ಪುಸ್ತಕ. ಈ ಭಾಗದ ಯಾವ ಕ್ಲಾಸಿಗೆ ಹೋದರೂ ಟೇಬಲ್ಲಿನ ಮೇಲೆ ಅದು ಸಿಗುತ್ತದೆ: 200 ಪುಟದ ಲಾಂಗ್‌ಬುಕ್, ಎಡಕ್ಕೆ ಹೆಸರು, ಬಲಕ್ಕೆ ತಿಂಗಳಿಗೊಂದರಂತೆ ಸ್ಕೇಲಿನಿಂದ ಎಳೆದ ಮನೆಗಳು. ಕೊಟ್ಟವರಿಗೆ ಕೆಂಪು ಟಿಕ್, ಅರ್ಧ ಕೊಟ್ಟವರಿಗೆ ಪೆನ್ಸಿಲಿನಲ್ಲಿ ‘ಬಾಕಿ’, ಅಪ್ಪ ಇಲ್ಲದ ಮಗುವಿನ ಹೆಸರಿನ ಮುಂದೆ ಏನೂ ಇಲ್ಲ. ಟಿಕ್ ಹಾಕಿದ್ದು ನಗದೋ ಫೋನ್‌ಪೇಯೋ, ತಾರೀಖು ಯಾವುದು, ಗೊತ್ತಾಗುವುದಿಲ್ಲ. ರಸೀದಿ ಇಲ್ಲ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಮಾಸ್ತರರ ಉಳಿತಾಯ ಖಾತೆಯದೇ. ಅದೇ ಖಾತೆಗೆ ಸಕ್ಕರೆ ಕಾರ್ಖಾನೆಯಿಂದ ಮನೆಯ ಕಬ್ಬಿನ ಬಿಲ್ಲು ಬೀಳುತ್ತದೆ, ತಮ್ಮ ಕೈಗಡ ವಾಪಸು ಹಾಕುತ್ತಾನೆ, ಭಿಶಿಯ, ಅಂದರೆ ಚೀಟಿಯ, ಪಾಳಿಯ ದುಡ್ಡೂ ಬರುತ್ತದೆ. ಕಂಪ್ಯೂಟರಿಗೆ ಎಲ್ಲವೂ ಒಂದೇ: ಜಮೆ.

‘ಸರ, ಇದು ಕಬ್ಬಿನ ರೊಕ್ಕರಿ.’

‘ಖರೇ ಇರಬಹುದು. ಕಾಗದ ಎಲ್ಲೈತಿ ತೋರಸ್ರಿ.’

ನಾಲ್ಕು ವರ್ಷದ ಹಿಂದಿನ ಕಬ್ಬಿನ ಪಾವತಿ ಯಾವ ರೈತನ ಮನೆಯಲ್ಲಿ ಕೈಗೆ ಸಿಗುತ್ತದೆ? ಕಬ್ಬಿನ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ತನ್ನ ಹೊಲದ ಬೆಳೆ ಮಾರಿದ ರೈತ ಜಿಎಸ್‌ಟಿ ನೋಂದಣಿಯನ್ನೂ ಮಾಡಿಸಬೇಕಿಲ್ಲ. ಅದನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದರೆ ಮಾತೇ ಇರಲಿಲ್ಲ. ಬೇರೆ ಇಡಿ ಎಂದು ಹೇಳುವ ಒಬ್ಬ ಮನುಷ್ಯ ಈ ಐದೂ ತಾಲ್ಲೂಕುಗಳಲ್ಲಿ ಸರ್ಕಾರದ ಕಡೆಯಿಂದ ಕೂತಿರಬೇಕಿತ್ತು.

ಮಾಸ್ತರರನ್ನೂ ಸುಮ್ಮನೆ ಬಿಡುವುದಿಲ್ಲ. ಬೋರ್ಡಿನಲ್ಲಿ ‘ಟ್ಯಾಲಿ ವಿತ್ ಜಿಎಸ್‌ಟಿ’ ಎಂದು ಬರೆಸಿ ಹುಡುಗರಿಗೆ ಕಿರ್ದಿ-ಖತಾವಣಿ ಕಲಿಸುವ ಕ್ಲಾಸುಗಳೇ ತಮ್ಮ ಲೆಕ್ಕವನ್ನು ಮೇಲಿನ ಲಾಂಗ್‌ಬುಕ್ಕಿನಲ್ಲಿ ಇಟ್ಟಿರುವುದನ್ನು ಕಂಡಾಗ ನಗಬೇಕೋ ಅಳಬೇಕೋ. ನೋಟಿಸಿನ ಸುದ್ದಿ ಬಂದ ಮೇಲೆ ಕ್ಯೂಆರ್ ಕಿತ್ತು ‘ಫೀ ನಗದು ಕೊಡ್ರಿ’ ಎಂದವರೂ ಉಂಟು. ಇದು ಜಾಣತನವಲ್ಲ. ಮನೆ ಕಟ್ಟಲು ಸಾಲ ಕೇಳಿದ ದಿನ ಬ್ಯಾಂಕು ಮೂರು ವರ್ಷದ ರಿಟರ್ನ್ ಕೇಳುತ್ತದೆ. ಅಂದು ನಗದಿನ ಬುದ್ಧಿವಂತಿಕೆ ಪೂರ್ತಿ ಅವರ ಮೇಲೆಯೇ ಬೀಳುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ ಒಂಬತ್ತು ಲಕ್ಷ ಉಳಿಸುವ ದಂಪತಿ ಅದನ್ನು ಬಚ್ಚಿಡುವುದಾದರೂ ಯಾಕೆ? ಹೆದರಿಕೆಯಿಂದ, ಮತ್ತೇನಿಲ್ಲ.

ಹೆದರಿಕೆಗೆ ಕಾನೂನೂ ಕಾರಣ ಒದಗಿಸಿದೆ. ಪುಸ್ತಕ ಇಡದೆ ಒಟ್ಟು ಆದಾಯದ ಅರ್ಧವನ್ನು ಲಾಭವೆಂದು ತೋರಿಸಬಹುದಾದ ವೃತ್ತಿಗಳ ಪಟ್ಟಿ ಆದಾಯ ತೆರಿಗೆಯಲ್ಲಿದೆ. ವಕೀಲ, ವೈದ್ಯ, ಎಂಜಿನಿಯರ್, ಲೆಕ್ಕಪರಿಶೋಧಕ, ಒಳಾಂಗಣ ಅಲಂಕಾರ ಮಾಡುವವರು, ಸಿನಿಮಾ ಕಲಾವಿದರು ಅದರಲ್ಲಿದ್ದಾರೆ. ಶಿಕ್ಷಕರಿಲ್ಲ. ಗೋಡೆಗೆ ಬಣ್ಣ ಆರಿಸುವುದು ವೃತ್ತಿ, ಗಣಿತ ಹೇಳುವುದು ಏನೋ ಒಂದು. ಹಾಗಾಗಿ ಒಬ್ಬ ಲೆಕ್ಕಿಗ ಅವರನ್ನು ವ್ಯಾಪಾರಿಯಾಗಿಸಿ 6 ಅಥವಾ 8 ಶೇಕಡಾ ಲಾಭ ತೋರಿಸುತ್ತಾನೆ, ಇನ್ನೊಬ್ಬ 50 ತೋರಿಸುತ್ತಾನೆ. ಅದೇ 21.60 ಲಕ್ಷಕ್ಕೆ ಒಂದು ಕಚೇರಿಯಲ್ಲಿ 1.30 ಲಕ್ಷ ಆದಾಯ, ಎದುರಿನ ಕಚೇರಿಯಲ್ಲಿ 10.80 ಲಕ್ಷ. ಮೊದಲನೆಯದನ್ನು ಹಿಡಿದು ಹೋದರೆ ಬ್ಯಾಂಕು ಸಾಲ ಕೊಡುವುದಿಲ್ಲ.

ಕಾಲೇಜುಗಳಲ್ಲಿ ಅತಿಥಿ ಪಾಠ ಮಾಡುವವರ ಕಥೆ ಇದರ ತಿರುವುಮುರುವು. ಅವರ ಸಂಭಾವನೆಯಲ್ಲಿ ವೃತ್ತಿ ಶುಲ್ಕವೆಂದು 10 ಶೇಕಡಾ ಮೊದಲೇ ಮುರಿಯುತ್ತಾರೆ. ತಿಂಗಳಿಗೆ 20 ಸಾವಿರದಂತೆ ಹತ್ತು ತಿಂಗಳು ದುಡಿದರೆ 20 ಸಾವಿರ ಕಡಿತ. ಅವರಿಗೆ ತೆರಿಗೆ ಬಾಕಿಯೇ ಇಲ್ಲ. ರಿಟರ್ನ್ ಹಾಕಿದರೆ ಅಷ್ಟೂ ವಾಪಸು. ಡಿಸೆಂಬರ್ 31ರ ಗಡುವಿನೊಳಗೆ ಹಾಕದಿದ್ದರೆ, ಆಮೇಲೆ ಅಪ್‌ಡೇಟೆಡ್ ರಿಟರ್ನ್ ಹಾಕಿ ಕೇಳಲು ಬರುವುದಿಲ್ಲ. ಒಂದು ತಿಂಗಳ ದುಡಿಮೆ ಸರ್ಕಾರಕ್ಕೆ ಪುಕ್ಕಟೆ.

ಪ್ರತಿವಾದ ನನಗೆ ಗೊತ್ತು. ಕೋಚಿಂಗ್ ಈಗ ದೊಡ್ಡ ದಂಧೆ, ನೀಟ್ ಹೆಸರಲ್ಲಿ ಮಗುವಿಗೆ ಲಕ್ಷಗಟ್ಟಲೆ ಕೀಳುತ್ತಾರೆ, ಅವರಿಗೇಕೆ ವಿನಾಯಿತಿ ಎಂದು. ಒಪ್ಪಿದೆ, ಅವರಿಗೆ ಬೇಡ. ದೊಡ್ಡವರನ್ನೂ ಸಣ್ಣವರನ್ನೂ ಬೇರ್ಪಡಿಸುವ ದಾರಿ ಇದೇ ಕಾನೂನಿನಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಸಂಘಕ್ಕೆ ಕೊಡುವ ನಿರ್ವಹಣಾ ಶುಲ್ಕ ಸದಸ್ಯನೊಬ್ಬನಿಗೆ ತಿಂಗಳಿಗೆ 7,500 ದಾಟದಿದ್ದರೆ ಜಿಎಸ್‌ಟಿ ಇಲ್ಲ. ಲಿಫ್ಟು, ಗಾರ್ಡನ್ನಿಗೆ ತಲಾವಾರು ಮಿತಿ ಇಡಲು ಬರುವುದಾದರೆ ಎಸ್ಸೆಸ್ಸೆಲ್ಸಿ ಟ್ಯೂಷನ್ನಿಗೆ ಇಡಲು ಏನು ತೊಂದರೆ? ತಿಂಗಳಿಗೆ ಮಗುವಿಗೆ 2,000 ರೂಪಾಯಿವರೆಗಿನ ಫೀ, ಪಿಯುಸಿಯವರೆಗಿನ ಪಾಠ, ತೆರಿಗೆ ಇಲ್ಲ ಎಂದು ಬರೆದರೆ ಚಿಕ್ಕೋಡಿಯ ಮಾಸ್ತರರು ಉಳಿಯುತ್ತಾರೆ, ನೀಟ್ ಕಾರ್ಖಾನೆಗಳು ಕಟ್ಟುತ್ತವೆ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಕುರ್ಚಿ ಇದೆ. ನೋಟಿಸ್ ಕೊಟ್ಟಿದ್ದು ರಾಜ್ಯವೋ ಕೇಂದ್ರವೋ ಎಂದು 2025ರಲ್ಲಿ ಎರಡೂ ಪಕ್ಷಗಳು ಕಿತ್ತಾಡಿದವಲ್ಲ, ಆ ಉಸಿರನ್ನು ಈ ಒಂದು ಸಾಲಿಗೆ ಖರ್ಚು ಮಾಡಲಿ.

ಕೇಳುವವರು ಯಾರು ಎಂಬುದೇ ಪ್ರಶ್ನೆ. ವಿಧಾನ ಪರಿಷತ್ತಿನಲ್ಲಿ ವಾಯವ್ಯ ಶಿಕ್ಷಕರ ಕ್ಷೇತ್ರವಿದೆ. 2022ರಲ್ಲಿ ಅಲ್ಲಿಂದ ಗೆದ್ದವರು ಚಿಕ್ಕೋಡಿ ಭಾಗದವರೇ ಆದ ಪ್ರಕಾಶ ಹುಕ್ಕೇರಿ. ಆದರೆ ಅಲ್ಲಿ ಮತ ಇರುವುದು ಮಾನ್ಯತೆಯಿರುವ ಸಂಸ್ಥೆಗಳಲ್ಲಿ ಪಾಠ ಮಾಡಿದವರಿಗೆ. ಬಾಡಿಗೆ ಕೋಣೆಯ ಮಾಸ್ತರರು ತೆರಿಗೆಗೆ ವ್ಯಾಪಾರಿ, ಮತಕ್ಕೆ ಶಿಕ್ಷಕರಲ್ಲ.

ದರ ಬದಲಾಗಲು ದಿಲ್ಲಿ ಬೇಕು. ಲೆಕ್ಕ ಕಲಿಸಲು ಚಿಕ್ಕೋಡಿ ಸಾಕು. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜುಗಳಿಂದ ಪ್ರತಿ ವರ್ಷ ಬಿ.ಕಾಂ. ಮುಗಿಸಿದವರು ಹೊರಬರುತ್ತಾರೆ. ಪದವೀಧರರನ್ನು ತಯಾರು ಮಾಡಿ ಸಣ್ಣವರ ರಿಟರ್ನ್ ತುಂಬಿಸುವ ಯೋಜನೆಯನ್ನು ಆದಾಯ ತೆರಿಗೆ ಇಲಾಖೆ 2006ರಲ್ಲೇ ತಂದಿತ್ತು. ಅಂಥವರನ್ನು ನಿಮ್ಮ ಊರಲ್ಲಿ ನೀವು ನೋಡಿದ್ದೀರಾ? ಜಿಎಸ್‌ಟಿಯಲ್ಲೂ ಪರೀಕ್ಷೆ ಪಾಸಾದ ಪದವೀಧರರು ಪ್ರಾಕ್ಟೀಷನರ್ ಆಗಬಹುದು. ಗ್ರಾಮ ಒನ್ ಕೇಂದ್ರಗಳ ಕುರ್ಚಿ, ಕಂಪ್ಯೂಟರು ಇದ್ದೇ ಇವೆ. ವಾರಕ್ಕೆ ಎರಡು ದಿನ, ಕನ್ನಡ ಮತ್ತು ಮರಾಠಿ ಎರಡೂ ಬಲ್ಲ ಒಬ್ಬರನ್ನು ತಾಲ್ಲೂಕಿಗೊಂದು ಕಡೆ ಕೂರಿಸಲು ವಾಣಿಜ್ಯ ತೆರಿಗೆ ಇಲಾಖೆಗೆ ಆಗುವ ಖರ್ಚು ಅದು ನೋಟಿಸು ಕಳಿಸಿ ಹಿಂದೆ ಪಡೆದ ಖರ್ಚಿಗಿಂತ ಹೆಚ್ಚಾಗಲಾರದು. ಅಲ್ಲಿಯವರೆಗೆ ಹಿಂದಿನ ವರ್ಷಗಳ ಹೆಸರಲ್ಲಿ ಯಾವ ಸಣ್ಣ ಕ್ಲಾಸಿಗೂ 18ರ ನೋಟಿಸು ಹೋಗಬಾರದು. ಹೋದರೂ 6ರ ಲೆಕ್ಕದಲ್ಲಿ ಮುಗಿಸಿಕೊಳ್ಳಲು ಬಿಡಬೇಕು. ವಿನಾಯಿತಿ ಸರಕಿನವರಿಗೆ ಒಂದು ಸಭೆಯಲ್ಲಿ ಹಳೇ ಬಾಕಿ ಬಿಡಲು ಬಂದ ಸರ್ಕಾರಕ್ಕೆ ಇದು ಕಷ್ಟವಲ್ಲ.

ಕ್ಲಾಸು ನಡೆಸುವವರಿಗೆ ಒಂದು ಮಾತು. ಸರ್ಕಾರ ಬರುವವರೆಗೆ ಕಾಯಬೇಡಿ. ಫೀಗೆಂದೇ ಬೇರೆ ಚಾಲ್ತಿ ಖಾತೆ ತೆಗೆಯಿರಿ, ಕ್ಯೂಆರ್ ಅದಕ್ಕೇ ಜೋಡಿಸಿ, ನಗದಿಗೂ ನಂಬರು ಹಾಕಿದ ರಸೀದಿ ಕೊಡಿ, ಕಬ್ಬಿನ ಪಾವತಿ ಫೈಲಿಗೆ ಹಾಕಿ. ಭರತನಾಟ್ಯ, ತಬಲಾ, ಹಾರ್ಮೋನಿಯಂ ಕಲಿಸುವವರು ವ್ಯಕ್ತಿಯಾಗಿ ಕಲಿಸಿದರೆ ವಿನಾಯಿತಿ ಉಳಿಯುತ್ತದೆ. 2022ರ ಜುಲೈ 18ರಿಂದ ಸಂಸ್ಥೆಗಳಿಗೆ ಅದು ಹೋಗಿದೆ; ಹಾಗಾಗಿ ಕೇಳದೆ ಅಕಾಡೆಮಿ ಹೆಸರಲ್ಲಿ ನೋಂದಣಿ ಮಾಡಿಸಬೇಡಿ. ಈಗಾಗಲೇ ಜಿಎಸ್‌ಟಿ ನಂಬರು ಇದ್ದು 18 ಕಟ್ಟುತ್ತಿರುವವರು 6ರ ಯೋಜನೆಗೆ ಬರಬೇಕಾದರೆ ಅರ್ಜಿಯನ್ನು ಹೊಸ ಆರ್ಥಿಕ ವರ್ಷ ಶುರುವಾಗುವ ಮೊದಲೇ, ಅಂದರೆ ಮಾರ್ಚ್ 31ರೊಳಗೆ ಹಾಕಬೇಕು. ಏಪ್ರಿಲ್ ಒಂದಕ್ಕೆ ನೆನಪಾದರೆ ಇನ್ನೊಂದು ವರ್ಷ 18.