ಗೆದ್ದವರ ಆಜ್ಞೆ, ಮಡಿದವರ ಕಲ್ಲು

ಗರುಡಾಚಾರ್‌ಪಾಳ್ಯದ ಮೆಟ್ರೋ ನಿಲ್ದಾಣವು 2023ರ ಮಾರ್ಚಿಯಲ್ಲಿ ತೆರೆದ ಮೇಲೆ, ಇಲ್ಲಿಂದ ಇಂದಿರಾನಗರಕ್ಕೆ ಹೋಗಿ ಅಲ್ಲಿಂದ ದೊಮ್ಮಲೂರಿನ ಚೊಕ್ಕನಾಥ ದೇಗುಲವನ್ನು ಕಂಡುಬರುವುದು ಒಂದು ಬೆಳಗಿನ ಕೆಲಸವಾಗಿದೆ. ಅಲ್ಲಿ ತಮಿಳು ಶಾಸನಗಳಿವೆ. ಅವನ್ನು ಕಂಡ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, ಈ ನೆಲ ಹಿಂದೆ ಯಾರದಾಗಿತ್ತು ಎಂಬುದು. ಈಚಿನ ವರ್ಷಗಳಲ್ಲಿ ಭಾಷೆಯ ವಾದಗಳು ಕಾವೇರಿದಾಗಲೆಲ್ಲ ಇಂಥ ಕಲ್ಲುಗಳನ್ನು ಒಂದಲ್ಲ ಒಂದು ಪಕ್ಷದ ಸಾಕ್ಷಿಯಾಗಿ ಕರೆಯುವ ರೂಢಿ ಬೆಳೆದಿದೆ. ಆದರೆ ಅಲ್ಲಿಯ ಶಾಸನಗಳಲ್ಲಿ ಕಾಣುವ ರಾಮನಾಥನು ಪರರಾಜನಲ್ಲ. ಹೊಯ್ಸಳ ದೊರೆ, ಸೋಮೇಶ್ವರನ ಮಗ.

ಸೋಮೇಶ್ವರನು 1254ರ ಸುಮಾರಿನಲ್ಲಿ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿಕೊಟ್ಟನು. ದೋರಸಮುದ್ರವು ಮೂರನೆಯ ನರಸಿಂಹನಿಗೆ ಬಂದಿತು. ಕಣ್ಣನೂರು ಮೊದಲಾದ ತಮಿಳು ಸೀಮೆಯೂ ಕೋಲಾರದ ಕಡೆಯ ನಾಡುಗಳೂ ರಾಮನಾಥನ ಪಾಲಾದುವು. ಪಾಂಡ್ಯರ ಒತ್ತಡದಿಂದ ದಕ್ಷಿಣವನ್ನು ಕಳೆದುಕೊಂಡ ರಾಮನಾಥನು ಕುಂದಾಣಿಯನ್ನು ನೆಲೆಯಾಗಿ ಮಾಡಿಕೊಂಡ ಬಳಿಕ, ಬೇರೆ ಬೇರೆ ತಾಯಂದಿರ ಮಕ್ಕಳಾದ ಈ ಸೋದರರ ನಡುವೆ ಕಾಳಗವಾಯಿತು. ಒಂದೇ ಲಾಂಛನದ ಎರಡು ಸೇನೆಗಳು ನಮ್ಮ ಸೀಮೆಯ ಹೊಲಗದ್ದೆಗಳಲ್ಲಿ ಎದುರಾದುವು. ಇದು ಕನ್ನಡ ತಮಿಳುಗಳ ಯುದ್ಧವಲ್ಲ, ದಾಯಾದಿಗಳ ಯುದ್ಧ.

ನರಸಿಂಹನ ಮಗ ಮೂರನೆಯ ಬಲ್ಲಾಳನು ಶತಮಾನದ ಕೊನೆಗೆ ಎರಡು ಪಾಲುಗಳನ್ನೂ ಕೂಡಿಸಿದನು. ಕುಂದಾಣಿ ರಾಜ್ಯದ ನಾಡುನಾಡುಗಳ ಮಠ ದೇವಾಲಯಗಳವರಿಗೆ 1301ರಲ್ಲಿ ಅವನು ಹೊರಡಿಸಿದ ಆಜ್ಞೆ ದೊರೆತಿದೆ. ದೇವರ ಭೂಮಿಯ ಮೇಲಿನ ತೆರಿಗೆಗಳನ್ನು ಬಿಟ್ಟಿದ್ದೇವೆ, ಪೂಜೆ ಸಾಂಗವಾಗಿ ನಡೆಯಲಿ, ನಮಗೂ ನಮ್ಮ ರಾಜ್ಯಕ್ಕೂ ಒಳಿತನ್ನು ಕೋರಿರಿ ಎಂಬುದು ಅದರ ತಾತ್ಪರ್ಯ. ಗೆದ್ದ ದೊರೆಯ ವಿವೇಕವೇ ಅದು. ಆದರೆ ಒಡೆದ ಮನೆಯನ್ನು ಕೂಡಿಸುವವನಿಗೆ ಅದು ಒಡೆದಿತ್ತೆಂಬ ನೆನಪು ಹಿತವಲ್ಲ. ಅಂತರ್ಯುದ್ಧದಲ್ಲಿ ಸತ್ತವರು ಹೀಗೆ ಎರಡನೆಯ ಸಲ ಸಾಯುತ್ತಾರೆ.

ಸ್ಪೇನಿನ ಈಚಿನ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸದಲ್ಲ. 1936ರಿಂದ 1939ರವರೆಗೆ ನಡೆದ ಅಲ್ಲಿಯ ಅಂತರ್ಯುದ್ಧದಲ್ಲಿ ಗೆದ್ದ ಪಕ್ಷದ ಮೃತರಿಗೆ ಸ್ಮಾರಕಗಳೆದ್ದುವು. ಸೋತವರಲ್ಲಿ ಅನೇಕರು ರಸ್ತೆಯಂಚಿನ ಗುಂಡಿಗಳಲ್ಲೇ ಉಳಿದರು. 2000ದಲ್ಲಿ ಮೊಮ್ಮಕ್ಕಳ ತಲೆಮಾರು ಆ ಗುಂಡಿಗಳನ್ನು ಅಗೆಸಿ ಹೆಸರುಗಳನ್ನು ಹುಡುಕತೊಡಗಿತು. ಕಾನೂನು ಅವರ ಹಿಂದೆ ಬಂದುದು 2007ರಲ್ಲಿ, ಮತ್ತೆ 2022ರಲ್ಲಿ.

ನಮ್ಮಲ್ಲಿ ಹೆಸರನ್ನು ಉಳಿಸುವ ಕೆಲಸವನ್ನು ವೀರಗಲ್ಲು ಮಾಡಿತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಡುವ ಪದ್ಧತಿಯೂ ಇತ್ತು. ನೆತ್ತರುಗೊಡಗೆ ಎಂಬ ಮಾತೇ ಅದನ್ನು ಹೇಳುತ್ತದೆ. ಬೇಗೂರಿನಲ್ಲಿ ಸುಮಾರು 890ರ ಶಾಸನವೊಂದು ಬೆಂಗಳೂರ ಕಾಳಗವನ್ನು ಹೆಸರಿಸುತ್ತದೆ. ನಮ್ಮೂರಿನ ಹೆಸರು ಅಷ್ಟು ಹಳೆಯದೆಂದು ಹೆಮ್ಮೆಪಡುವವರು ಆ ಶಾಸನವನ್ನು ಬರೆಸಿದ್ದು ಊರಿಗಾಗಿ ಅಲ್ಲವೆಂಬುದನ್ನು ಮರೆಯುತ್ತಾರೆ. ಅದನ್ನು ಬರೆಸಿದ್ದು ಸತ್ತವರಿಗಾಗಿ. ನಾಗತ್ತರನ ಮಗನನ್ನು ಹೆಸರಿಸಿದ ಆ ಕಲ್ಲು ಅವನ ಮನೆಯ ಆಳನ್ನೂ ಹೆಸರಿಸಿತು.

ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕಲ್ಲು ನಿಲ್ಲಿಸಲು ಒಡೆಯನಾಗಲಿ ಬಂಧುವಾಗಲಿ ಬೇಕಾಗಿತ್ತು. ಕಾಲ್ತುಳಿತಕ್ಕೆ ಸಿಕ್ಕಿದ ಒಕ್ಕಲಿಗನಿಗೆ, ಹಸಿವಿನಿಂದ ಅಳಿದ ಅವನ ಮನೆಯವರಿಗೆ ಕಲ್ಲು ನಿಲ್ಲಿಸುವವರಾರು? ನಮಗೆ ದೊರೆತಿರುವುದು ಪಟ್ಟಿಯ ಒಂದು ತುಣುಕು ಮಾತ್ರ.

ದಾಯಾದಿಗಳ ಯುದ್ಧದಲ್ಲಿ ಮಡಿದವರನ್ನು ನೋಡಬೇಕಾದ ರೀತಿಯನ್ನು ರನ್ನ ಕವಿ ಗದಾಯುದ್ಧದಲ್ಲಿ ಕಾಣಿಸಿದ್ದಾನೆ. ಹೆಣಗಳ ನಡುವೆ ನಡೆಯುವ ದುರ್ಯೋಧನನು ಗುರುವನ್ನು, ತಮ್ಮನನ್ನು, ಮಗನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಗುರುತಿಸುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಪಕ್ಷ ಯಾವುದೆಂದು ತಿಳಿಯದೆ ಅಲ್ಲ, ತಿಳಿದೂ ಹಾಗೆ ಮಾಡುತ್ತಾನೆ.

ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದರು. ಮಿಥಿಕ್ ಸೊಸೈಟಿಯವರು 2021ರಿಂದ ಅವನ್ನು ಹುಡುಕಿ ಮೂರು ಆಯಾಮಗಳಲ್ಲಿ ದಾಖಲಿಸುತ್ತಿದ್ದಾರೆ. ಸುಮಾರು 750ರಲ್ಲಿ ಮಡಿದ ಕಿತ್ತಯ್ಯನ ಕಲ್ಲು ಹೆಬ್ಬಾಳದಲ್ಲಿ ದೊರೆತು ನಾಗರಿಕರ ಮುತುವರ್ಜಿಗೆ ಪಾತ್ರವಾಯಿತು. ಆದರೆ ಹೂಡಿ, ಮಹದೇವಪುರ, ಕೃಷ್ಣರಾಜಪುರಗಳ ಕಡೆ ದಿನವೂ ತಳಪಾಯ ತೋಡುವ ಯಂತ್ರಗಳಿಗೆ ಶಾಸನದ ಕಲ್ಲೂ ಒಂದೇ, ಚಪ್ಪಡಿಯೂ ಒಂದೇ. ಕೆಲಸದ ಮೇಸ್ತ್ರಿಯಾಗಲಿ ಮನೆಯ ಒಡೆಯನಾಗಲಿ ಒಂದು ಗಳಿಗೆ ತಡೆದು, ಬಲ್ಲವರನ್ನು ಕರೆಸಿ ತೋರಿಸಿದರೆ ಸಾಕು. ಬಂದವರೂ ಲಿಪಿ ಯಾವುದೆಂದು ಜಗಳವಾಡುವ ಮೊದಲು ಅದರಲ್ಲಿ ಸತ್ತವನ ಹೆಸರನ್ನು ಓದಲಿ.