ಹೊಕ್ಕುಳಬಳ್ಳಿಯ ವ್ಯಾಪಾರ

ಸೀಮಂತವೆಂದರೆ ನಮ್ಮ ಮನೆಗಳಲ್ಲಿ ಹಸಿರು ಬಳೆ, ಹೂವು, ಬಯಕೆಯ ಊಟ. ಈಗ ಅದರ ಹಿಂದೆಯೇ ಇನ್ನೊಬ್ಬರು ಬರತೊಡಗಿದ್ದಾರೆ: ಬಸುರಿಗೆ ದಿನ ತುಂಬುವುದು ಯಾವಾಗ ಎಂದು ವಿಚಾರಿಸಿಕೊಂಡು ಬರುವ ಏಜೆಂಟರು. ಮುಂಬಯಿಯಂಥ ಊರಿನಲ್ಲಿ ಅವರು ಕನ್ನಡದವರೇ ಆಗಿಬಿಟ್ಟರೆ ಕೇಳುವುದೇ ಬೇಡ. ‘ನಮ್ಮ ಕಡೆಯವರು’ ಎಂದು ಕಾಫಿ ಕೊಟ್ಟು ಕೂರಿಸುತ್ತೇವೆ. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತವನ್ನು ತೆಗೆದಿಡಿಸಿ, ಅದರಲ್ಲಿ ಸ್ಟೆಮ್ ಸೆಲ್ ಎಂಬ ಆಕರಕೋಶಗಳಿವೆ, ನಾಳೆ ಯಾವ ರೋಗ ಬಂದರೂ ಮಗುವಿಗೆ ಅದೇ ವಿಮೆ ಎಂದು ಅವರ ವಾದ. ಅರ್ಧ ಲಕ್ಷ, ಒಂದು ಲಕ್ಷದ ಮಾತು. ಕಂತಿನ ಅನುಕೂಲವೂ ಉಂಟು.

ಇದನ್ನು ವಿಮೆಯೆಂದು ನಾವು ಒಪ್ಪಲಾರೆವು. ಇದು ಹೆದರಿಕೆಯ ವ್ಯಾಪಾರ.

ನಾವು ವಿಜ್ಞಾನದ ವಿರೋಧಿಗಳಲ್ಲ. ಹೊಕ್ಕುಳಬಳ್ಳಿಯ ರಕ್ತದಿಂದ ಜೀವ ಉಳಿದದ್ದುಂಟು. 1988ರಲ್ಲಿ ಪ್ಯಾರಿಸಿನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಮತ್ತು ಅವರ ಸಂಗಡಿಗರು ಫಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರೋಗವಿದ್ದ ಬಾಲಕನೊಬ್ಬನನ್ನು ಹೀಗೆ ಗುಣಪಡಿಸಿದರು. ಆದರೆ ಆ ರಕ್ತ ಯಾರದು? ಅವನದಲ್ಲ, ಅವನ ಪುಟ್ಟ ತಂಗಿಯದು! ಏಜೆಂಟರು ಹೇಳದೆ ಬಿಡುವುದು ಇದನ್ನೇ. ಥಲಸೇಮಿಯಾದಂಥ ಆನುವಂಶಿಕ ರೋಗ ಮಗುವಿಗಿದ್ದರೆ ಆ ದೋಷ ಅದರ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಇರುತ್ತದೆ. ಕೆಟ್ಟ ಬೀಜವನ್ನೇ ಜೋಪಾನವಾಗಿಟ್ಟು ಮತ್ತೆ ಬಿತ್ತಿದರೆ ಬೆಳೆ ಬೇರೆಯಾದೀತೇ?

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಈ ಕುರಿತು ತನ್ನ ಅಭಿಪ್ರಾಯ ಪ್ರಕಟಿಸಿತು. ಮಗುವಿಗೆ ತನ್ನದೇ ರಕ್ತ ಮೊದಲ 20 ವರ್ಷಗಳಲ್ಲಿ ಬೇಕಾಗುವ ಸಂಭವ 2,500ಕ್ಕೆ ಒಂದರಿಂದ 2 ಲಕ್ಷಕ್ಕೆ ಒಂದು ಎಂಬುದು ಅದು ಕೊಟ್ಟ ಲೆಕ್ಕ. ಇತ್ತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೆಂದರೆ, ಮಗು ಹುಟ್ಟಿ ಒಂದು ನಿಮಿಷವಾದರೂ ಆಗುವವರೆಗೆ ಬಳ್ಳಿಯನ್ನು ಕಟ್ಟಬಾರದು, ಆ ರಕ್ತ ಮಗುವಿನ ಮೈಗೇ ಸೇರಲಿ ಎಂಬುದು. ಮಗುವಿಗೆ ಇಂದೇ ಉಪಯೋಗವಾಗುವುದನ್ನು ಪೆಟ್ಟಿಗೆಗೆ ತುಂಬುವ ಆತುರವೇಕೆ?

‘ನಮ್ಮಲ್ಲಿ ಎಲ್ಲರ ರಕ್ತವೂ ಒಟ್ಟಿಗಿದೆ, ಸದಸ್ಯರು ಯಾರಾದರೂ ಪಡೆಯಬಹುದು’ ಎಂಬ ಹೊಸ ಮಾತೂ ಹೊರಟಿದೆ. ಹಾಗಾದರೆ ಅದು ದಾನವಾಯಿತು. ಸಾರ್ವಜನಿಕ ಬ್ಯಾಂಕಿಗೆ ದಾನ ಮಾಡುವ ತಾಯಿಯಿಂದ ಯಾರೂ ಹಣ ಕೇಳುವುದಿಲ್ಲ. ಮನೆಯಲ್ಲಿ ಆಗಲೇ ಒಂದು ಮಗುವಿಗೆ ಇಂಥ ಚಿಕಿತ್ಸೆ ಬೇಕಾದ ರಕ್ತರೋಗವಿದ್ದು, ಎರಡನೆಯದು ಹುಟ್ಟುವುದಿದ್ದರೆ ಮಾತು ಬೇರೆ. ಆಗ ವೈದ್ಯರೇ ತೆಗೆದಿಡಲು ಹೇಳುತ್ತಾರೆ, ಏಜೆಂಟರು ಬೇಕಿಲ್ಲ. ಇನ್ನು ಬಳ್ಳಿಯ ಅಂಗಾಂಶ, ಹಲ್ಲಿನ ತಿರುಳು ಮುಂತಾದವನ್ನು ಹಣ ಪಡೆದು ಕಾದಿಡುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅವಕಾಶವನ್ನೇ ಕೊಟ್ಟಿಲ್ಲ.

ಹಾಗಾದರೆ ಈ ಕ್ಷೇತ್ರದಲ್ಲಿ ನಮ್ಮವರು ಬಂಡವಾಳ ಹೂಡಬಾರದೇ ಎಂದು ಕೇಳುವವರಿದ್ದಾರೆ. ಹೂಡಲಿ, ಧಾರಾಳವಾಗಿ ಹೂಡಲಿ. ದಾರಿ ಬೆಂಗಳೂರಿನಲ್ಲಿಯೇ ಇದೆ. ಅಲ್ಲಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ 2006ರಲ್ಲಿ ಆರಂಭವಾಯಿತು. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಬೆಳೆಸಿ ಔಷಧ ಮಾಡಿತು. ಬೀಡಿ ಸಿಗರೇಟು ಸೇದುವವರ ಕಾಲಿನ ರಕ್ತನಾಳಗಳು ಮುಚ್ಚಿಹೋಗುವ ಬರ್ಜರ್ ರೋಗಕ್ಕೆ ಆ ಔಷಧ 2016ರಲ್ಲಿ ಮಿತವಾದ ಅನುಮತಿ, 2020ರಲ್ಲಿ ಮಾರಾಟದ ಅನುಮತಿ ಪಡೆಯಿತು. ಮೊಣಕಾಲಿನ ಸಂಧಿವಾತಕ್ಕೆ ಅನುಮತಿ ಬಂದದ್ದು 2022ರಲ್ಲಿ. ಹದಿನಾಲ್ಕು, ಹದಿನಾರು ವರ್ಷಗಳ ತಾಳ್ಮೆ! ರೋಗಿಗಳ ಮೇಲೆ ಕ್ರಮವಾಗಿ ಪರೀಕ್ಷಿಸಿ, ಫಲ ತೋರಿಸಿ, ಆಮೇಲೆ ಮಾರುವುದಕ್ಕೆ ನಾವು ಉದ್ಯಮವೆನ್ನುತ್ತೇವೆ.

ಅಷ್ಟು ದೊಡ್ಡ ಗಂಟು ಇಲ್ಲದವರಿಗೂ ಕೆಲಸವಿದೆ. ಕೋಶಗಳನ್ನು ಬೆಳೆಸುವ ದ್ರಾವಣ, ಶೈತ್ಯದಲ್ಲಿ ಇಡುವ ಚೀಲ, ದ್ರವ ಸಾರಜನಕದ ಪಾತ್ರೆ, ಸಾಗಣೆಯ ವ್ಯವಸ್ಥೆ, ತರಬೇತಾದ ಕೈಗಳು, ಇವೆಲ್ಲ ಬೇಕು. ಶುಚಿ, ಶೈತ್ಯ, ಹೊತ್ತಿಗೆ ಸರಿಯಾದ ಪೂರೈಕೆ ಇವುಗಳ ಬೆಲೆಯನ್ನು ಮುಂಬಯಿಯಲ್ಲಿ ಹೋಟೆಲು ನಡೆಸಿದ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ಕಲ್ಪನೆಯಿದ್ದ ತರುಣರಿಗೆ ಕೇಂದ್ರ ಸರಕಾರದ ಬೈರಾಕ್ ಸಂಸ್ಥೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ.

ಕೊನೆಗೆ ನಮ್ಮ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಜಾಹೀರಾತು ಸಿಗುವುದು ಎಷ್ಟು ಕಷ್ಟವೆಂದು ಬಲ್ಲೆವು. ಆದರೂ ಹೊಕ್ಕುಳಬಳ್ಳಿಯ ರಕ್ತ ಕಾದಿಡುವವರ ಪುಟ ಬೇಡ, ಸಂಘದ ಸಭಾಂಗಣದಲ್ಲಿ ಅವರ ಮೇಜೂ ಬೇಡ. ಪರಊರಿನಲ್ಲಿ ಕನ್ನಡ ಕೇಳಿದೊಡನೆ ನಾವು ಬಾಗಿಲು ತೆರೆಯುತ್ತೇವೆ. ಆ ನಂಬಿಕೆಯನ್ನು ಕಟ್ಟಿದ್ದು ಈ ಸಂಘಗಳೇ. ಒಂದು ಪುಟದ ಬಾಡಿಗೆಗೆ ಅದನ್ನು ಮಾರಿಕೊಳ್ಳುವುದು ಬೇಡ.