ಚೀಟಿ ಬರೆದ ಕೈಗೆ ಬೇಡಿ ಬಿದ್ದರೆ?

ರಾತ್ರಿ ಹನ್ನೊಂದೂವರೆ. ಖಟಕ ಚಿಂಚೋಳಿಯಲ್ಲಿ ಅಂಗಡಿಗಳ ಶಟರ್ ಇಳಿದಿವೆ, ಬಸ್ ಸ್ಟ್ಯಾಂಡ್ ಬಿಕೋ ಎನ್ನುತ್ತಿದೆ. ಇಂಥ ಹೊತ್ತಿನಲ್ಲಿ ಯಾವುದೋ ಒಂದು ಊರಿನ ಸರಕಾರಿ ದವಾಖಾನೆಯ ಮುಂದೆ ಪೊಲೀಸ್ ಗಾಡಿ ಬಂದು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ.

“ಸಿಸ್ಟರ್, ಡಾಕ್ಟರ್ ಸಾಹೇಬ್ರು ಎಲ್ಲಿ? ಒಂದು ಫಿಟ್ ಚೀಟಿ ಬೇಕಾಗ್ಯಾದ. ಮುಂಜಾನಿ ಕೋರ್ಟಿಗಿ ಹಾಜರ್ ಮಾಡೋದದ.”

ಡಾಕ್ಟರು ಮನೆಯಲ್ಲಿ. ಫೋನಿನಲ್ಲೇ ಹುಕುಂ: “ನೀವೇ ಬರೀರಿ ಸಿಸ್ಟರ್, ನಾ ಮುಂಜಾನಿ ಬಂದು ಸಹಿ ಹಾಕ್ತೀನಿ.” ಗಾಡಿಯಲ್ಲಿ ಕುಳಿತವನನ್ನು ಕೆಳಗಿಳಿಸುವುದೂ ಇಲ್ಲ. ಐದು ನಿಮಿಷದಲ್ಲಿ ಚೀಟಿ ಸಿದ್ಧ, ಗಾಡಿ ಹೊರಟಿತು.

ಮರುದಿನ ಆ ಮನುಷ್ಯ ಸತ್ತರೆ?

ಚಿಂಚೋಳಿಯಲ್ಲಿ ಹೀಗೆ ನಡೆದಿದೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಠಾಣೆಯೂ ದವಾಖಾನೆಯೂ ಇರುವ ಯಾವ ಊರಿನಲ್ಲಾದರೂ ನಡೆಯಬಹುದಾದ ಮಾತು ಇದು. ನಡೆದ ಮೇಲೆ ಎದೆ ಬಡಿದುಕೊಳ್ಳುವುದಕ್ಕಿಂತ ಮೊದಲೇ ಮಾತಾಡುವುದು ಒಳಿತು.

ಠಾಣೆಯಲ್ಲಿ ಸಾವಾದರೆ ಊರು ಎರಡು ಪಾಲಾಗುತ್ತದೆ. “ಆ ಡಾಕ್ಟರಿಗಿ, ಆ ನರ್ಸಿಗಿ ಮೊದಲು ಒಳಗ ಹಾಕ್ರಿ” ಎಂದು ಒಂದು ಗುಂಪು. “ಅವರು ಪಾಪ ಏನ್ ಮಾಡ್ತಾರ, ಪೊಲೀಸರು ಹೇಳಿದ್ದಕ್ಕ ಬರ್ದಾರ” ಎಂದು ಇನ್ನೊಂದು ಗುಂಪು. ಎರಡೂ ಅರ್ಧ ಸತ್ಯ. ಪೊಲೀಸರು ಹೇಳಿದರೆಂದು ಬರೆಯುವುದಾದರೆ ಡಾಕ್ಟರೇ ಏತಕ್ಕೆ ಬೇಕು? ಠಾಣೆಯ ರೈಟರೇ ಬರೆದುಕೊಳ್ಳಬಹುದಲ್ಲ!

ಕಾನೂನು ಈ ಚೀಟಿಯನ್ನು ಸುಮ್ಮನೆ ಇಟ್ಟಿಲ್ಲ. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಂಧಿತನನ್ನು ಪ್ರತಿ 48 ತಾಸಿಗೊಮ್ಮೆ ಡಾಕ್ಟರು ಪರೀಕ್ಷಿಸಬೇಕೆಂದು ಹೇಳಿತು. ಬಂಧನವಾದ ಕೂಡಲೇ ಸರಕಾರಿ ಡಾಕ್ಟರಿಂದ ಪರೀಕ್ಷೆ ಆಗಬೇಕು, ಮೈಮೇಲೆ ಗಾಯವಿದ್ದರೆ ಬರೆಯಬೇಕು, ಅದು ಸುಮಾರು ಯಾವಾಗ ಆದದ್ದು ಎಂಬುದನ್ನೂ ಬರೆಯಬೇಕು, ಒಂದು ಪ್ರತಿಯನ್ನು ಬಂಧಿತನಿಗೇ ಕೊಡಬೇಕು. ಇದು ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮು. ಈ ಪ್ರತಿಯನ್ನು ಕೈಯಲ್ಲಿ ಹಿಡಿದ ಬಂಧಿತನನ್ನು ಎಷ್ಟು ಜನ ಕಂಡಿದ್ದಾರೆ?

ಅಂಗಡಿಕಾರರು ಒಂದು ಸಂಗತಿಯನ್ನು ಮರೆಯಬಾರದು. 2020ರ ಜೂನ್ ತಿಂಗಳು, ಲಾಕ್‌ಡೌನ್ ಕಾಲ. ತಮಿಳುನಾಡಿನ ಸಾತಾನಕುಳಂನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ತಂದೆ ಮತ್ತು ಮಗನನ್ನು, ಹೊತ್ತು ಮೀರಿ ಅಂಗಡಿ ತೆರೆದಿದ್ದರೆಂದು ಪೊಲೀಸರು ಹಿಡಿದೊಯ್ದರು. ಜೈಲಿಗೆ ಕಳಿಸುವ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ‘ಫಿಟ್’ ಎಂಬ ಚೀಟಿಯೂ ಸಿಕ್ಕಿತು. 19ರಂದು ಹಿಡಿದರು, 22ರ ರಾತ್ರಿ ಮಗ, 23ರ ಮುಂಜಾನೆ ತಂದೆ ಸತ್ತರು. ಸಿಬಿಐ ಆರೋಪಪಟ್ಟಿ ಒಂಬತ್ತು ಪೊಲೀಸರ ಮೇಲೆ ಬಿತ್ತು. ಆದರೆ ಚೀಟಿಯ ಪ್ರಶ್ನೆ ದೇಶದ ತುಂಬ ಎದ್ದಿತು. ಅಂದು ಒಬ್ಬರು ಕಣ್ಣು ಬಿಟ್ಟು ನೋಡಿ ಅಡ್ಮಿಟ್ ಮಾಡಿಕೊಂಡಿದ್ದರೆ?

ಅಲ್ಲಿ ಪೊಲೀಸರು ಕಟಕಟೆ ಹತ್ತಿದರು. ಅಮೆರಿಕದ ಅರೋರಾ ಪಟ್ಟಣದಲ್ಲಿ ಪೊಲೀಸರ ಜೊತೆ ಆಂಬುಲೆನ್ಸ್ ಸಿಬ್ಬಂದಿಯೂ ಹತ್ತಬೇಕಾಯಿತು. 2019ರ ಆಗಸ್ಟ್ 24ರ ರಾತ್ರಿ ಇಲೈಜಾ ಮೆಕ್ಲೇನ್ ಎಂಬ 23 ವರ್ಷದ ಕರಿಯ ಹುಡುಗ ಅಂಗಡಿಯಿಂದ ಮನೆಗೆ ನಡೆದು ಹೊರಟಿದ್ದ. ಅನುಮಾನದ ಮೇಲೆ ಪೊಲೀಸರು ತಡೆದು ಕುತ್ತಿಗೆ ಅಮುಕಿ ನೆಲಕ್ಕೆ ಕೆಡವಿದರು. ಆಂಬುಲೆನ್ಸಿನವರು ಬಂದು, ಹುಡುಗ ಹುಚ್ಚೆದ್ದು ಕುಣಿಯುತ್ತಿದ್ದಾನೆಂದು ತಿಳಿದು 500 ಮಿಲಿಗ್ರಾಂ ಕೆಟಮಿನ್ ಚುಚ್ಚಿದರು. ಹುಡುಗನ ತೂಕ 65 ಕಿಲೋ. ಔಷಧಿ ಕೊಟ್ಟದ್ದು 90 ಕಿಲೋದವನ ಲೆಕ್ಕಕ್ಕೆ. ಎದೆ ನಿಂತಿತು, ಕೆಲವೇ ದಿನಗಳಲ್ಲಿ ಪ್ರಾಣವೂ ಹೋಯಿತು.

ಮೊದಲು ಕೇಸೇ ಇಲ್ಲ ಎಂದರು. 2021ರಲ್ಲಿ ಮೂವರು ಪೊಲೀಸರ ಮೇಲೆ, ಇಬ್ಬರು ಆಂಬುಲೆನ್ಸ್ ಸಿಬ್ಬಂದಿಯ ಮೇಲೆ ಆರೋಪ ಬಂತು. ಸಿಬ್ಬಂದಿಯ ವಕೀಲರ ವಾದ ಒಂದೇ: “ನಮ್ಮ ಕಕ್ಷಿದಾರರು ಕಲಿಸಿದ ಹಾಗೆ ಮಾಡಿದ್ದಾರೆ.” ಸರಕಾರಿ ವಕೀಲರ ಪ್ರಶ್ನೆಯೂ ಒಂದೇ: “ಸೂಜಿ ಚುಚ್ಚುವ ಮುಂಚೆ ನಾಡಿ ನೋಡಿದರೇ? ಹುಡುಗನನ್ನು ಮಾತಾಡಿಸಿದರೇ?” 2023ರಲ್ಲಿ ತೀರ್ಪುಗಳು ಬಂದವು. ಪೊಲೀಸರಲ್ಲಿ ಒಬ್ಬನಿಗೆ ಶಿಕ್ಷೆ, ಇಬ್ಬರ ಬಿಡುಗಡೆ. ಆಂಬುಲೆನ್ಸಿನ ಇಬ್ಬರೂ ತಪ್ಪಿತಸ್ಥರು! ಒಬ್ಬನಿಗೆ ಐದು ವರ್ಷ ಬಿತ್ತು. 2024ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಧೀಶರು ಅದನ್ನು ಪ್ರೊಬೇಷನ್ನಿಗೆ ಇಳಿಸಿದರು.

ಅರೋರಾಕ್ಕೂ ಭಾಲ್ಕಿ ತಾಲೂಕಿಗೂ ಏನು ನಂಟು ಎನ್ನಬೇಡಿ. ಪೊಲೀಸರು ಹೇಳಿದ್ದನ್ನೇ ರೋಗಿಯ ಸ್ಥಿತಿ ಎಂದು ನಂಬಿ ಕೆಲಸ ಮುಗಿಸುವ ಡಾಕ್ಟರು, ಸಿಸ್ಟರು ಎಲ್ಲಿದ್ದರೂ ನಂಟು ಅಲ್ಲಿದೆ.

ಇನ್ನು ನಮ್ಮ ಕಾನೂನಿನ ಒಂದು ವಿಚಿತ್ರ ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು. ಚಿಕಿತ್ಸೆ ನಡೆಸುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡೇ ವರ್ಷ. ನರ್ಸಿನ ಹೆಸರು ಆ ರಿಯಾಯಿತಿಯಲ್ಲಿಲ್ಲ. ಹಳೇ ದಂಡ ಸಂಹಿತೆಯಲ್ಲಿ ಎಲ್ಲರಿಗೂ ಎರಡೇ ವರ್ಷವಿತ್ತು. ಈಗ ಡಾಕ್ಟರಿಗೆ ಎರಡು, ಡಾಕ್ಟರ ಮಾತು ಕೇಳಿದ ಸಿಸ್ಟರಿಗೆ ಐದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಮೇಲಾಗಿ, ಯಾರನ್ನೋ ಶಿಕ್ಷೆಯಿಂದ ಉಳಿಸಲು ಸರಕಾರಿ ನೌಕರರು ಸುಳ್ಳು ದಾಖಲೆ ಬರೆದರೆ ಅದು ಬೇರೆಯೇ ಅಪರಾಧ. ಅಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಆದ್ದರಿಂದಲೇ ಇಂಥವರಿಗೆ ಒಳ್ಳೆಯ ವಕೀಲರು ಬೇಕು. ಜನ ಸಿಟ್ಟಾಗಿದ್ದಾರೆಂದು ವಕೀಲರ ಸಂಘ “ಇವರ ಪರ ಯಾರೂ ನಿಲ್ಲಬಾರದು” ಎಂದು ಠರಾವು ಮಾಡಿದರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. 2010ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಠರಾವುಗಳೇ ಅಸಿಂಧು ಎಂದಿದೆ. ಡಾಕ್ಟರ ಮೇಲೆ ನಿರ್ಲಕ್ಷ್ಯದ ಕ್ರಿಮಿನಲ್ ಕೇಸು ನಡೆಸುವ ಮುಂಚೆ ಬೇರೆ ಡಾಕ್ಟರ ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕು, ದೂರು ಬಂತೆಂದು ಸುಮ್ಮನೆ ಬಂಧಿಸಬಾರದು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ದೊಡ್ಡ ಫೀಸು ಕೊಡಲಾಗದ ಸಿಸ್ಟರಿಗೂ ದಾರಿ ಇದೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಸಂಬಳ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗಬೇಕು.

“ಸತ್ತವರ ಮನೆಯವರ ಗತಿ ಏನು? ಕೊಂದವರಿಗೇ ವಕೀಲರೇನು?” ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಕೊಂದವರು ಯಾರು ಎಂದು ತಿಳಿಯಬೇಕಾದರೂ ಸರಿಯಾದ ವಿಚಾರಣೆಯೇ ಆಗಬೇಕು. ಕಸ್ಟಡಿ ಸಾವಿನ ವಿಚಾರಣೆಯನ್ನು ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ಮಾಡಬೇಕೆಂಬ ನಿಯಮ 2006ರಿಂದ ಇದೆ. ಮರಣೋತ್ತರ ಪರೀಕ್ಷೆಯ ವಿಡಿಯೋ ತೆಗೆಯಬೇಕೆಂದು ಮಾನವ ಹಕ್ಕುಗಳ ಆಯೋಗ 1995ರಲ್ಲೇ ಹೇಳಿದೆ. ಹೊಡೆದವನು ಹಿಂದೆ ಸರಿದು, ಚೀಟಿ ಬರೆದ ನರ್ಸನ್ನು ಮುಂದೆ ದೂಡಿದರೆ ಸತ್ತವನಿಗೂ ನ್ಯಾಯವಿಲ್ಲ, ಇದ್ದವಳಿಗೂ ನ್ಯಾಯವಿಲ್ಲ. ಆ ನರ್ಸಿಗೆ ಒಬ್ಬ ಗಟ್ಟಿ ವಕೀಲ ಇದ್ದರೆ “ರಾತ್ರಿ ಯಾರು ಬಂದರು, ಯಾರು ಫೋನ್ ಮಾಡಿದರು, ಯಾರು ಬರೆ ಎಂದರು” ಎಂಬುದು ಕೋರ್ಟಿನಲ್ಲಿ ಹೊರಬರುತ್ತದೆ. ಅದು ಸತ್ತವನ ಮನೆಯವರಿಗೇ ಬೇಕಾದ ಸತ್ಯ.

ಆದರೆ ಎಂಥ ವಕೀಲರಿಗೂ ಬರಿಗೈಯಲ್ಲಿ ವಾದಿಸಲು ಬರುವುದಿಲ್ಲ. ಡಾಕ್ಟರು ಮತ್ತು ಸಿಸ್ಟರಿಗೆ ಎಲ್ಲಕ್ಕಿಂತ ದೊಡ್ಡ ವಕೀಲ ಅವರದೇ ದವಾಖಾನೆಯ ರಜಿಸ್ಟರು. ಎಷ್ಟು ಗಂಟೆಗೆ ಕರೆತಂದರು, ಯಾರು ಕರೆತಂದರು, ನಾಡಿ ಎಷ್ಟು, ಬಿಪಿ ಎಷ್ಟು, ಬೆನ್ನ ಮೇಲೆ, ಅಂಗಾಲಿನ ಮೇಲೆ ಏನು ಗುರುತು, ಬಂಧಿತ ತನ್ನ ಬಾಯಿಂದ ಏನು ಹೇಳಿದ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದದ್ದು ಎಷ್ಟು ಹೊತ್ತಿಗೆ. ಇಷ್ಟು ಬರೆದಿದ್ದರೆ ಯಾವ ಫೌಜದಾರನೂ ತನ್ನ ತಪ್ಪನ್ನು ಅವರ ತಲೆಗೆ ಕಟ್ಟಲಾರ. ನೋಡದೆ ಬರೆದಿದ್ದರೆ ದಿಲ್ಲಿಯಿಂದ ವಕೀಲರನ್ನು ಕರೆಸಿದರೂ ಕಷ್ಟವೇ.

ಬೇಕಾದದ್ದು ಬಹಳವೇನಲ್ಲ. ಠಾಣೆ ಇರುವ ಊರಿನ ದವಾಖಾನೆಗೆಲ್ಲ ಬಂಧಿತರ ಪರೀಕ್ಷೆಗೆಂದೇ ಒಂದು ರಜಿಸ್ಟರು; ನೋಡದೆ ಬರೆಯಬಾರದು, ಡಾಕ್ಟರಿಲ್ಲದೆ ಸಿಸ್ಟರಿಂದ ಬರೆಸಬಾರದು ಎಂಬ ಲಿಖಿತ ಆದೇಶ; ಪರೀಕ್ಷೆ ನಡೆಯುವಾಗ ಪೊಲೀಸರು ಮಾತು ಕೇಳಿಸದಷ್ಟು ದೂರ ನಿಲ್ಲಬೇಕೆಂಬ ಕಟ್ಟು. ಬೀದರ್‌ನ ಜಿಲ್ಲಾಧಿಕಾರಿ, ಎಸ್ಪಿ, ಜಿಲ್ಲಾ ಆರೋಗ್ಯಾಧಿಕಾರಿ ಮೂವರೂ ಒಂದು ತಾಸು ಕುಳಿತರೆ ಮುಗಿಯುವ ಕೆಲಸ. ಕಾಗದದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ.

“ಗಾಡಿಯಿಂದ ಕೆಳಗ ಇಳಸ್ರಿ, ನಾ ನೋಡ್ದೆ ಬರೆಯಂಗಿಲ್ಲ” ಎಂದು ರಾತ್ರಿ ಪಾಳಿಯ ಸಿಸ್ಟರು ಧೈರ್ಯದಿಂದ ಹೇಳುವಂತಾದರೆ ಆಕೆಗೆ ಕೋರ್ಟಿನ ಮೆಟ್ಟಿಲೂ ಬೇಡ, ವಕೀಲರೂ ಬೇಡ. ಗಾಡಿಯಲ್ಲಿ ಕುಳಿತವನೂ ಬದುಕಿ ಮನೆಗೆ ಹೋದಾನು. ಆ ಧೈರ್ಯ ತುಂಬುವ ಆದೇಶಕ್ಕೆ ಮೇಲಿನವರು ಸಹಿ ಹಾಕುವರೇ? ಅಥವಾ ಅದನ್ನೂ “ಮುಂಜಾನಿ ಬಂದು ಹಾಕ್ತೀನಿ” ಎನ್ನುವರೇ?